ಸಮುದ್ರವನ್ನು ಪಕ್ಕದ ಕೋಣೆಗೆ ಸಾಗಿಸುವುದು

ಮಾಟುಂಗಾದಲ್ಲಿ ನಮ್ಮ ಮಾಮನ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ನಾಲ್ಕು ವರ್ಷದ ಸಂಸಾರ: ಕಲ್ಲು, ಮರಳು, ಮೆದು ಹವಳ, ಎರಡು ಕ್ಲೌನ್ ಮೀನು. ಕಿಟಕಿಯ ಬಿಸಿಲಿಗೆ ಪಾಚಿ ಹೆಚ್ಚಿ, ಅದನ್ನು ಪಕ್ಕದ ಕೋಣೆಗೆ ಸಾಗಿಸಬೇಕಾಯಿತು.

"ನಾಲ್ಕು ಜನ ಎತ್ತಿದರಾಯ್ತು ಮಾಮಾ" ಅಂದೆ.

"ನೀರೇ 200 ಕಿಲೋ ಮೇಲಿದೆಯೋ! ಗಾಜಿನ ಅಂಟು ಬಿಟ್ಟರೆ?" ಅಂದರು.

ಮಿತ್ರರೇ, ಇಲ್ಲಿ ಜೋಪಾನ ಮಾಡಬೇಕಾದ ದೊಡ್ಡ ಆಸ್ತಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಕಲ್ಲು ಮರಳಿಗೆ ಅಂಟಿಕೊಂಡ ಈ ಜೀವಿಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನಮ್ಮ ಅಕೌಂಟೆನ್ಸಿಯ ಗುಡ್‌ವಿಲ್ ಇದ್ದ ಹಾಗೆ: ಕೈಗೆ ಸಿಗುವುದಿಲ್ಲ, ಹೋದರೆ ಅಂಗಡಿಯೇ ಹೋಯಿತು.

ಆದ್ದರಿಂದ ಮೊದಲು ಕರೆಂಟು ತೆಗೆದು, ತಿಳಿನೀರನ್ನು ಸೋಪು ಮುಟ್ಟದ ಡ್ರಮ್ಮುಗಳಿಗೆ ಇಳಿಸಿಕೊಂಡೆವು. ಕಲ್ಲು, ಹವಳ ಒಂದರಲ್ಲಿ, ಮೀನು ಇನ್ನೊಂದರಲ್ಲಿ, ಎರಡಕ್ಕೂ ಗಾಳಿಯ ಪಂಪು. ಕಲ್ಲು ಒಣಗಿದರೆ ಅದರ ಮೇಲಿನ ಜೀವವೆಲ್ಲ ಸಾಯುತ್ತದೆ. ಹಳೆಯ ಮರಳಿನ ಅಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರಬಹುದು. ಹಾಗಾಗಿ ಮರಳನ್ನು ಕೊನೆಗೆ ತೆಗೆದು, ಹಳೇ ಉಪ್ಪುನೀರಲ್ಲೇ ಜಾಲಾಡಿದೆವು. ನಲ್ಲಿನೀರು ಬೇಡ, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಖಾಲಿ ತೊಟ್ಟಿಯನ್ನು ಇಬ್ಬರೇ ಎತ್ತಿದೆವು. ಕಡಿಮೆಬಿದ್ದ ನೀರಿಗೆ, ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಹಾಕಿ ಹಿಂದಿನ ದಿನವೇ ಕದಡಿಟ್ಟಿದ್ದೆವು. ಅಡಿಗೆ ಉಪ್ಪು ನಡೆಯದು.

ಆಮೇಲೆ ಒಂದು ವಾರ ಮೇವು ಅರ್ಧ, ಅಮೋನಿಯಾ ಪರೀಕ್ಷೆ ದಿನಾ. ಎರಡು ದಿನ ಮುದುಡಿಕೊಂಡಿದ್ದ ಹವಳ ಮೂರನೆಯ ದಿನ ಅರಳಿತು. ಮಾಮ ಆವತ್ತೇ ಹೊಟ್ಟೆತುಂಬ ಉಂಡದ್ದು.