ಮರಣಪೂರ್ವ ಹೇಳಿಕೆಯೂ ದಂಡಾಧಿಕಾರಿಗಳ ಶಿಕ್ಷಣವೂ

ಮೈಸೂರು ಸಂಸ್ಥಾನದಲ್ಲಿ ಅಮಲ್ದಾರರೇ ಮ್ಯಾಜಿಸ್ಟ್ರೇಟರೂ ಆಗಿದ್ದರು. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ದಂಡಪ್ರಕ್ರಿಯಾ ಸಂಹಿತೆಯ ಮೇರೆಗೆ ಅಪರಾಧಗಳ ವಿಚಾರಣೆಯು ನ್ಯಾಯಿಕ ದಂಡಾಧಿಕಾರಿಗಳಿಗೆ ಸೇರಿತು; ತಹಸೀಲ್ದಾರರು ಕಾರ್ಯನಿರ್ವಾಹಕ ದಂಡಾಧಿಕಾರಿಗಳಾಗಿ ಉಳಿದರು. 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಈ ವಿಭಾಗವು ಹಾಗೆಯೇ ಇರುವುದು. ಕಂದಾಯದ ಕಡತಗಳಲ್ಲಿ ಮುಳುಗಿರುವ ಈ ಎರಡನೆಯ ವರ್ಗದವರ ಶಿಕ್ಷಣವೇ ಇಲ್ಲಿಯ ವಿಷಯ.

ಹೆಮ್ಮರಗಾಲದ ಹೆಂಗಸೊಬ್ಬಳು ಬೆಂಕಿಗೆ ಸಿಕ್ಕಿ ನಂಜನಗೂಡಿನ ಆಸ್ಪತ್ರೆಗೆ ಬಂದಳೆಂದು ಭಾವಿಸೋಣ. ಅವಳ ಹೇಳಿಕೆಯನ್ನು ಬರೆದುಕೊಳ್ಳಲು ತಹಸೀಲ್ದಾರರಿಗೆ ಕರೆ ಬರುವುದು. ಆಕೆ ಪ್ರಮಾಣಮಾಡಿ ಹೇಳುವುದಿಲ್ಲ. ಪಾಟೀಸವಾಲಿನ ಹೊತ್ತಿಗೆ ಬದುಕಿರುವುದಿಲ್ಲ. ಆದರೂ ಆ ಹೇಳಿಕೆಯೊಂದರಿಂದಲೇ ಒಬ್ಬನಿಗೆ ಶಿಕ್ಷೆಯಾಗಬಹುದು. ವೈದ್ಯರ ಪ್ರಮಾಣಪತ್ರವಿಲ್ಲದಿದ್ದರೂ, ಹೇಳುವವರ ಬುದ್ಧಿ ಸ್ವಸ್ಥವಾಗಿದೆಯೆಂದು ಬರೆದುಕೊಳ್ಳುವವರಿಗೆ ಮನದಟ್ಟಾಗಿದ್ದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು 2002ರಲ್ಲಿ ಲಕ್ಷ್ಮಣನ ಮೊಕದ್ದಮೆಯಲ್ಲಿ ನಿರ್ಣಯಿಸಿದರು. ಇದರಿಂದ ದಂಡಾಧಿಕಾರಿಯ ಹೊಣೆಯು ಇಮ್ಮಡಿಯಾಯಿತು.

ಇಂತಹ ಕೆಲಸಕ್ಕೆ ಕಾನೂನಿನ ಕಲಮುಗಳನ್ನು ಉಪನ್ಯಾಸದಲ್ಲಿ ಓದಿ, ಕಡೆಗೆ ಪ್ರಶ್ನಪತ್ರಿಕೆಯಿಂದ ಅಳೆದರೆ ಫಲವು ಅಲ್ಪವೇ ಸರಿ. ಬಂಧುಗಳನ್ನೂ ಪೊಲೀಸರನ್ನೂ ಹೊರಗೆ ಕಳುಹಿಸುವುದು, ಉತ್ತರವನ್ನು ಸೂಚಿಸದಂತೆ ಕೇಳುವುದು, ಮಾತನ್ನು ತಿದ್ದದೆ ಬರೆಯುವುದು—ಇವು ಅಭ್ಯಾಸದಿಂದ ಬರತಕ್ಕವು. ‘ಹಚ್ಬುಟ್ಟ’ ಎಂಬುದನ್ನು ‘ಹಚ್ಚಿಬಿಟ್ಟನು’ ಎಂದು ಬರೆದರೆ ಅರ್ಥವು ಕೆಡದು. ‘ಹತ್ಕಬುಡ್ತು’ ಎಂಬುದು ‘ಹಚ್ಚಿದನು’ ಎಂದಾದರೆ ನಿರಪರಾಧಿಯು ಸೆರೆಗೆ ಹೋದಾನು.

ಶಿಕ್ಷಣದ ಫಲವನ್ನು ಕೆಲವು ತಿಂಗಳ ತರುವಾಯ, ಅವರು ಮೊದಲು ಬರೆದ ಹೇಳಿಕೆಗಳನ್ನೂ ಈಚಿನವನ್ನೂ ಹೋಲಿಸಿ ನೋಡತಕ್ಕದ್ದು. ಶಿಕ್ಷೆಯಾಯಿತೇ ಎಂಬುದು ಇದಕ್ಕೆ ಅಳತೆಯಲ್ಲ. ಚೆನ್ನಾಗಿ ಬರೆದ ಹೇಳಿಕೆಯಿಂದ ಬಿಡುಗಡೆಯೂ ಆಗಬಹುದಷ್ಟೆ. ಹೇಳಿಕೆಯನ್ನು ಏಕೆ ಒಪ್ಪಿದರು, ಏಕೆ ತಳ್ಳಿದರು ಎಂಬುದು ತೀರ್ಪಿನಲ್ಲಿಯೇ ಇರುವುದು. ಅದರ ಪ್ರತಿಯು ಬರೆದವರ ಕೈಗೆ ಸೇರುವ ಏರ್ಪಾಡು ಮೊದಲು ಆಗಬೇಕು.