ಚೆಂಡಿನ ಗುರಿಯೂ ತಪ್ಪಿಗಿರುವ ಅವಕಾಶವೂ

ಹಸುರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಚೆಂಡುಗಳನ್ನು ಕೋಲಿನಿಂದ ಹೊಡೆದು ಕುಳಿಗಳಲ್ಲಿ ಬೀಳಿಸುವ ಪೂಲ್ ಎಂಬ ಆಟವು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ನಮ್ಮ ಹಿರಿಯರಲ್ಲಿ ಅನೇಕರು ಎಣಿಸಿದ್ದುಂಟು. ಅವರ ಶಂಕೆಯು ಆಟದ ಮೇಲಿನದಲ್ಲ, ಅದು ನಡೆಯುತ್ತಿದ್ದ ಕೊಠಡಿಗಳ ಮೇಲಿನದು. ಆದರೆ ಬೆಂಗಳೂರಿನ ಚಿತ್ರಾ ಮಗಿಮೈರಾಜರು 2006ರಲ್ಲಿಯೂ ಆರ್. ಉಮಾದೇವಿಯವರು 2012ರಲ್ಲಿಯೂ ಇದೇ ಕುಲಕ್ಕೆ ಸೇರಿದ ಬಿಲಿಯರ್ಡ್ಸ್ ಆಟದಲ್ಲಿ ಮಹಿಳೆಯರ ವಿಶ್ವಪದವಿಯನ್ನು ಪಡೆದ ಮೇಲೆ ಆ ಶಂಕೆಗೆ ಹೆಚ್ಚು ಬಲವುಳಿದಿಲ್ಲ. ಉಳಿದಿರುವುದು ಇನ್ನೊಂದು ತಪ್ಪೆಣಿಕೆ; ಚೆಂಡು ಕುಳಿಗೆ ಬೀಳುವುದು ಬರಿಯ ಕಣ್ಣಂದಾಜು, ಇಲ್ಲವೆ ಅದೃಷ್ಟವೆಂಬುದು. ಶಾಲೆಯಲ್ಲಿ ರೇಖಾಗಣಿತವನ್ನು ಕಲಿತ ಸಹೋದರಿಯರಿಗೆ ಅದು ಹಾಗಲ್ಲವೆಂದು ತೋರಿಸುವುದು ಕಷ್ಟವಾಗಲಾರದು.

ಪೂಲ್ ಚೆಂಡಿನ ವ್ಯಾಸವು 2¼ ಅಂಗುಲ. ಆಡುವವರು ಕೋಲಿನಿಂದ ಬಿಳಿಯ ಚೆಂಡನ್ನು ಮಾತ್ರ ಮುಟ್ಟಬೇಕು. ಅದು ಹೋಗಿ ಬಣ್ಣದ ಚೆಂಡನ್ನು ತಾಕಿ ಕುಳಿಗೆ ಕಳುಹಬೇಕು. ತಾಕಿದೊಡನೆ ಬಣ್ಣದ ಚೆಂಡು ಯಾವ ದಿಕ್ಕಿಗೆ ಹೊರಡುವುದು? ಎರಡು ಚೆಂಡುಗಳ ಕೇಂದ್ರಗಳನ್ನು ಸೇರಿಸುವ ಗೆರೆಯ ದಿಕ್ಕಿಗೆ. ಗುರಿಯ ವಿದ್ಯೆಯೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಕುಳಿಯ ನಡುವಿನಿಂದ ಬಣ್ಣದ ಚೆಂಡಿನ ಕೇಂದ್ರಕ್ಕೆ ಒಂದು ಗೆರೆಯನ್ನು ಎಳೆದು, ಅದನ್ನು ಹಿಂದಕ್ಕೆ ಇನ್ನೂ 2¼ ಅಂಗುಲ ಬೆಳೆಸಿರಿ. ಆ ಗೆರೆಯ ಕೊನೆಯೇ ಬಿಳಿಯ ಚೆಂಡಿನ ಕೇಂದ್ರವು ಬಂದು ಸೇರತಕ್ಕ ಸ್ಥಳ. ಅಲ್ಲಿ ಕಾಣದ ಚೆಂಡೊಂದು ಕುಳಿತಿದೆಯೆಂದು ಭಾವಿಸಿ ಹೊಡೆಯುವುದೇ ಕ್ರಮ. ಹೊಸಬರು ಹಾಗೆ ಮಾಡದೆ, ಚೆಂಡುಗಳು ಒಂದನ್ನೊಂದು ಮುಟ್ಟಬೇಕಾದ ಬಿಂದುವಿಗೇ ನೇರವಾಗಿ ಗುರಿಯಿಡುತ್ತಾರೆ. ಬಿಳಿಯ ಚೆಂಡಿಗೂ ಮೈಯಿದೆಯಷ್ಟೆ. ಆದುದರಿಂದ ಅದು ಬೇಕಾದುದಕ್ಕಿಂತ ತುಂಬಾಗಿ ತಾಕುತ್ತದೆ, ಬಣ್ಣದ ಚೆಂಡು ಸಾಕಷ್ಟು ಓರೆಯಾಗದೆ ಕುಳಿಯ ಪಕ್ಕಕ್ಕೆ ಹೋಗುತ್ತದೆ. ನೆನಪಿಡಲು ಸುಲಭವಾದ ಅಳತೆಯೊಂದುಂಟು: ಬಿಳಿಯ ಚೆಂಡಿನ ಕೇಂದ್ರವನ್ನು ಬಣ್ಣದ ಚೆಂಡಿನ ಅಂಚಿಗೆ ಗುರಿಯಿಟ್ಟರೆ ಅದು 30 ಡಿಗ್ರಿ ಓರೆಯಾಗಿ ಹೊರಡುವುದು.

ಇನ್ನು ಎಷ್ಟು ತಪ್ಪಬಹುದೆಂಬುದನ್ನು ನೋಡೋಣ. ಪಂದ್ಯದ ಮೇಜಿನ ಮೂಲೆಕುಳಿಯ ಬಾಯಿ 4½ ಅಂಗುಲವೆಂದಿಟ್ಟುಕೊಳ್ಳೋಣ. ಎರಡು ಚೆಂಡು ಒತ್ತಾಗಿ ನಿಲ್ಲುವಷ್ಟು. ಹಾಗಾದರೆ ಚೆಂಡಿನ ಕೇಂದ್ರವು ನಡುಗೆರೆಯಿಂದ ಅತ್ತಿತ್ತ 1⅛ ಅಂಗುಲ ಸರಿಯಬಹುದು. ಬಣ್ಣದ ಚೆಂಡು ಕುಳಿಗೆ 3 ಅಡಿ ದೂರದಲ್ಲಿದ್ದರೆ ಇದು ಎರಡು ಕಡೆಗೂ ಸುಮಾರು 1.8 ಡಿಗ್ರಿಯಾಯಿತು. ಇದೇನೂ ಸಣ್ಣ ಅವಕಾಶವಲ್ಲವೆಂದು ತೋರಬಹುದು. ಆದರೆ ಬಿಳಿಯ ಚೆಂಡೂ ಅದೇ ನೇರದಲ್ಲಿ ಇನ್ನೂ 3 ಅಡಿ ಹಿಂದಿದ್ದರೆ, ಕೋಲಿನ ತಪ್ಪು ಬಣ್ಣದ ಚೆಂಡಿನಲ್ಲಿ ಸುಮಾರು 15 ಪಾಲಾಗಿ ಬೆಳೆದು ಕಾಣಿಸಿಕೊಳ್ಳುತ್ತದೆ. 1.8ನ್ನು 15ರಿಂದ ಭಾಗಿಸಿದರೆ ಕೈಗೆ ಉಳಿಯುವುದು ಒಂದು ಡಿಗ್ರಿಯ ಎಂಟನೆಯ ಒಂದು ಪಾಲು. ಅಂದರೆ ಬಿಳಿಯ ಚೆಂಡು ತಾಕುವ ಸ್ಥಳದಲ್ಲಿ ಎರಡು ಮಿಲಿಮೀಟರಿಗೂ ತುಸು ಕಡಿಮೆ, ಒಂದು ಅಕ್ಕಿಕಾಳಿನ ಅಗಲ!

ಇಲ್ಲಿ ಒಂದು ಸೋಜಿಗವಿದೆ. ಬಿಳಿಯ ಚೆಂಡಿನಿಂದ ಕುಳಿಗೆ ಒಟ್ಟು 6 ಅಡಿಯೇ ಇರಲಿ; ಬಣ್ಣದ ಚೆಂಡು ಕುಳಿಗೆ 1 ಅಡಿ ಹತ್ತಿರಕ್ಕೆ ಬಂದರೆ ಅವಕಾಶವು ಡಿಗ್ರಿಯ ಐದನೆಯ ಒಂದು ಪಾಲಿಗೆ ಏರುವುದು. ಬಿಳಿಯ ಚೆಂಡಿಗೆ 1 ಅಡಿ ಹತ್ತಿರವಿದ್ದರೆ ಇನ್ನೂ ಹೆಚ್ಚು. ನಟ್ಟನಡುವೆ ನಿಂತ ಚೆಂಡೇ ಎಲ್ಲಕ್ಕಿಂತ ಕಠಿನ. ನೇರವಾಗಿದ್ದ ಹೊಡೆತವು ತಪ್ಪಿತಲ್ಲಾ ಎಂದು ಆಡುವವರು ಪೇಚಾಡುವುದು ಬಹುಮಟ್ಟಿಗೆ ಇಂಥ ಚೆಂಡಿನ ಮುಂದೆಯೇ. ನೇರವೆಂಬುದು ಸುಲಭವೆಂಬುದಕ್ಕೆ ಇನ್ನೊಂದು ಹೆಸರಲ್ಲ. ಹೊಡೆತವು ಓರೆಯಾದರಂತೂ ಅವಕಾಶವು ಮತ್ತೂ ಕುಗ್ಗುತ್ತದೆ: 60 ಡಿಗ್ರಿ ಓರೆಗೆ ಹೆಚ್ಚುಕಡಿಮೆ ಅರ್ಧವಾಗುವುದು.

ಚೆಂಡುಗಳ ಮೈಯ ಉಜ್ಜುವಿಕೆಯಿಂದ ಬಣ್ಣದ ಚೆಂಡು ಬಿಳಿಯದು ಸಾಗಿದ ದಿಕ್ಕಿನ ಕಡೆಗೆ ತುಸು ಎಳೆಯಲ್ಪಡುವುದೂ ಉಂಟು, ಮೆಲ್ಲನೆ ಹೊಡೆದಾಗ ಇದು ಹೆಚ್ಚು. ಹಾಗೆಂದು ರಭಸದಿಂದ ಹೊಡೆಯುವುದೂ ಜಾಣತನವಲ್ಲ. ಮೆಲ್ಲನೆ ಬಂದ ಚೆಂಡು ಕುಳಿಯ ಅಂಚಿಗೆ ತಾಗಿದರೂ ಒಳಕ್ಕೆ ಜಾರೀತು, ರಭಸದ್ದು ಪುಟಿದು ಹೊರಬರುವುದು.

ಪೂಲ್ ಮೇಜು ಎಲ್ಲರಿಗೂ ದೊರೆಯುವಂಥದಲ್ಲ. ಆದರೆ ಕೊಡಿಗೇಹಳ್ಳಿಯ ನಮ್ಮ ಮನೆಗಳಿಗೆ ಕೇರಂ ಹಲಗೆ ಹೊಸತಲ್ಲ. ಅಲ್ಲಿಯೂ ಲೆಕ್ಕ ಇದೇ. ವ್ಯತ್ಯಾಸವೇನೆಂದರೆ ಸ್ಟ್ರೈಕರು ಕಾಯಿಗಿಂತ ದೊಡ್ಡದು, ಆದುದರಿಂದ ವ್ಯಾಸದ ಬದಲು ಎರಡರ ತ್ರಿಜ್ಯಗಳನ್ನು ಕೂಡಿಸಬೇಕು. ಅದು ಸುಮಾರು 3.6 ಸೆಂಟಿಮೀಟರ್ ಆಗುವುದು. ತಾಯಂದಿರು ಬಿಡುವಿನಲ್ಲಿ ಮಕ್ಕಳೊಡನೆ ಹೀಗೆ ಪರೀಕ್ಷಿಸಿ ನೋಡಬಹುದು: ಕಾಯಿಯ ಹಿಂದೆ, ಕುಳಿಯ ನೇರದಲ್ಲಿ, ಸ್ಟ್ರೈಕರನ್ನು ಒತ್ತಿ ಇಟ್ಟು, ಅದರ ನಡುವಿನ ಜಾಗವನ್ನು ಕಣ್ಣಿನಲ್ಲಿ ಗುರುತುಮಾಡಿಕೊಂಡು, ಮೆಲ್ಲನೆ ತೆಗೆದು ತಮ್ಮ ಗೆರೆಗೆ ತಂದು, ಕಾಯಿಯನ್ನು ನೋಡದೆ ಆ ಬರಿದಾದ ಜಾಗವನ್ನೇ ನೋಡುತ್ತ ಹೊಡೆಯತಕ್ಕದ್ದು.