ಗಾಜಿನ ಮೈಮೇಲೆ ಗಾಜಿನ ಚಿತ್ತಾರ

ಅತ್ತಿಗುಂಡಿಯ ಆಸುಪಾಸಿನಲ್ಲಿ ಯೆಮನ್ ದೇಶದ ಹೆಸರು ಕೇಳದವರು ಅಪರೂಪ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅಲ್ಲಿಂದ ಏಳು ಕಾಫಿ ಬೀಜ ತಂದರೆಂಬುದು ಈ ಬೆಟ್ಟದ ಪ್ರತೀತಿ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ ಯೆಮನ್ನಿನ ರಸೂಲಿ ಸುಲ್ತಾನರು (1229–1454) ಇನ್ನೊಂದು ಬಗೆಯ ಸೊಗಸಿಗೆ ಮನಸೋತಿದ್ದರು. ಈಜಿಪ್ಟ್, ಸಿರಿಯಾಗಳಲ್ಲಿ ತಯಾರಾದ, ಬಣ್ಣದ ಎನಾಮಲ್ ಮತ್ತು ಚಿನ್ನದ ಲೇಪವಿದ್ದ ಗಾಜಿನ ಪಾತ್ರೆಗಳನ್ನು ಅವರು ತರಿಸಿಕೊಳ್ಳುತ್ತಿದ್ದರು. ಅವುಗಳ ಮೇಲೆ ಅವರ ಲಾಂಛನವಾದ ಐದೆಸಳಿನ ಹೂವು ಇಂದಿಗೂ ಮಾಸದೆ ಉಳಿದಿದೆ.

ಈ ಕಲೆಯ ಶಿಖರವೆಂದರೆ ಮಸೀದಿಯ ದೀಪಗಳು. ಕೈರೋದ ಸುಲ್ತಾನ್ ಹಸನ್ ಮಸೀದಿಗಾಗಿ ಹದಿನಾಲ್ಕನೆಯ ಶತಮಾನದಲ್ಲಿ ಮಾಡಿದ ಇಂಥ ಹಲವು ದೀಪಗಳು ಅಲ್ಲಿನ ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯದಲ್ಲಿವೆ. ಒಳಗೆ ಎಣ್ಣೆಯ ಬತ್ತಿ ಉರಿದರೆ ಹೊರಮೈಯ ಅಕ್ಷರಗಳೇ ಬೆಳಗುತ್ತಿದ್ದವು.

ಬೆಂಕಿಯ ಲೆಕ್ಕಾಚಾರ

ಎನಾಮಲ್ ಎಂದರೆ ಬರಿಯ ಬಣ್ಣವಲ್ಲ, ಅದೂ ಗಾಜೇ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ಅಂಟಿನಲ್ಲೋ ಎಣ್ಣೆಯಲ್ಲೋ ಕಲಸಿ ಬರೆಯುತ್ತಿದ್ದರು. ಬಿಳುಪಿಗೆ ತವರದ ಆಕ್ಸೈಡ್, ಕೆಂಪಿಗೆ ಕಬ್ಬಿಣದ ಆಕ್ಸೈಡ್, ನೀಲಿಗೆ ಕೋಬಾಲ್ಟ್ ಅಥವಾ ರಾಜಾವರ್ತ ಶಿಲೆಯ ಪುಡಿ.

ಕಷ್ಟವಿರುವುದು ಮುಂದಿನ ಹಂತದಲ್ಲಿ. ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ಬಗ್ಗಿಸಿದವರಿಗೆ ಇದು ಗೊತ್ತು: ಮಂಜುಗಡ್ಡೆಯಂತೆ ಗಾಜಿಗೆ ನಿಶ್ಚಿತ ದ್ರವನಬಿಂದುವಿಲ್ಲ, ಕಾದಷ್ಟೂ ಅದು ಮೆತ್ತಗಾಗುತ್ತ ಹೋಗುತ್ತದೆ. ಎನಾಮಲ್ ಕರಗಿ ಅಂಟಬೇಕು, ಆದರೆ ಪಾತ್ರೆ ಸೊಟ್ಟಗಾಗಬಾರದು. ಸೀಸ ಬೆರೆತ ಎನಾಮಲ್ ಬೇಗ ಕರಗುತ್ತದೆ. ಆದರೂ ಅಂತರ ಅತಿ ಕಡಿಮೆ. ಆದ್ದರಿಂದ ಪಾತ್ರೆಯನ್ನು ಮತ್ತೆ ಕಬ್ಬಿಣದ ಸಲಾಕೆಗೆ ಅಂಟಿಸಿ, ಕುಲುಮೆಯ ಬಾಯಲ್ಲಿ ತಿರುಗಿಸುತ್ತ ಕಾಯಿಸುತ್ತಿದ್ದರು. ಕೆಲವು ಪಾತ್ರೆಗಳ ತಳದಲ್ಲಿ ಕಾಣುವ ಎರಡು ಸಲಾಕೆ ಗುರುತುಗಳು ಇದಕ್ಕೆ ಸಾಕ್ಷಿ. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಕಣ್ಣೇ ಅಳತೆಗೋಲು.

ಕೈತಪ್ಪಿದ ವಿದ್ಯೆ

ಕಣ್ಣಳತೆಯ ವಿದ್ಯೆ ಕೈಯಿಂದ ಕೈಗೇ ದಾಟಬೇಕು. 1401ರಲ್ಲಿ ತೈಮೂರ್ ಡಮಾಸ್ಕಸ್ ನಗರವನ್ನು ಸೂರೆಮಾಡಿ ಕುಶಲಕರ್ಮಿಗಳನ್ನು ಸಮರ್ಕಂದಕ್ಕೆ ಒಯ್ದ. ಹದಿನೈದನೆಯ ಶತಮಾನದಲ್ಲಿ ಈ ಕಲೆ ಕ್ಷೀಣಿಸಿತು. 1569ರ ಹೊತ್ತಿಗೆ ತುರ್ಕಿಯ ವಜೀರನೇ ಮಸೀದಿಗೆ ಬೇಕಾದ ದೀಪಗಳಿಗಾಗಿ ವೆನಿಸ್ ನಗರದ ಮೊರೆಹೋಗಬೇಕಾಯಿತು! ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬ್ರೊಕಾರ್ ಎಂಬಾತ ಹಳೆಯ ದೀಪಗಳನ್ನೇ ಗುರುವಾಗಿಟ್ಟುಕೊಂಡು ಈ ವಿದ್ಯೆಯನ್ನು ಮತ್ತೆ ಸಾಧಿಸಿದ.

ಇದರ ದಾಯಾದಿಯೊಂದು ನಮ್ಮ ರಾಜ್ಯದಲ್ಲೇ ಇದೆ. 1472ರಲ್ಲಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಬಣ್ಣದ ಹೆಂಚುಗಳ ಹೊಳಪು ಕೂಡ, ಕರಗಿ ಅಂಟಿದ ಗಾಜಿನದೇ. ಅಲ್ಲಿ ಗಾಜಿನ ಬದಲು ಜೇಡಿಯ ಮೈ, ಅಷ್ಟೇ. 1696ರ ಸಿಡಿಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಹಳದಿಯ ತುಣುಕುಗಳು ಇನ್ನೂ ಬಿಸಿಲಿಗೆ ಮಿನುಗುತ್ತವೆ. ಬೀದರಿಗೆ ಪ್ರವಾಸ ಹೋಗುವ ಮಕ್ಕಳು ಅವನ್ನು ಕಣ್ತುಂಬ ನೋಡಲಿ, ಉಗುರಿನಿಂದ ಕೆರೆಯದಿರಲಿ. ಬರೆದಿಡದ ವಿದ್ಯೆಗೆ ಉಳಿದಿರುವ ಪಠ್ಯಪುಸ್ತಕ ಆ ತುಣುಕುಗಳೇ.